ಊಟದ ನೆಪದಲ್ಲಿ

ಅಮೆರಿಕದಲ್ಲಿ ಪುಟ್ಟ ವಿಮಾನ ಹಾರಿಸುವವರ ನಡುವೆ ‘ನೂರು ಡಾಲರ್ ಹ್ಯಾಂಬರ್ಗರ್’ ಎಂಬ ಮಾತು ಬಹಳ ವರ್ಷಗಳಿಂದ ಓಡಾಡುತ್ತಿದೆ. ರಜೆಯ ದಿನ ಬೆಳಿಗ್ಗೆ ಎದ್ದು, ಬಾಡಿಗೆಗೆ ಪಡೆದ ಅಥವಾ ನಾಲ್ಕು ಜನ ಸೇರಿ ಕೊಂಡ ಹಳೆಯ ಸೆಸ್ನಾ ಏರಿ, ಮೂವತ್ತು ನಲವತ್ತು ಮೈಲಿಯಾಚೆಯ ಇನ್ನೊಂದು ಸಣ್ಣ ನಿಲ್ದಾಣದಲ್ಲಿ ಇಳಿದು, ರನ್‌ವೇ ಪಕ್ಕದ ಹೋಟೆಲಿನಲ್ಲಿ ಊಟ ಮಾಡಿ ಮರಳುವುದು. ತಟ್ಟೆಯಲ್ಲಿರುವುದಕ್ಕೆ ಕೊಡುವುದು ಸ್ವಲ್ಪವೇ. ತಟ್ಟೆಯವರೆಗೆ ತಲುಪಲು ಸುಟ್ಟ ಇಂಧನ, ಕೊಟ್ಟ ಬಾಡಿಗೆ ಎಲ್ಲ ಕೂಡಿಸಿದರೆ ನೂರು ಡಾಲರ್. ಈಗ ನೂರಕ್ಕೆ ಆಗುವ ಕೆಲಸವಲ್ಲ ಅದು. ಹೆಸರು ಮಾತ್ರ ಹಾಗೇ ನಿಂತಿದೆ. ಅದೇ ಹೆಸರಿನಲ್ಲಿ ಜಾನ್ ಪರ್ನರ್ ಎಂಬವರು ದೇಶದ ಇಂಥ ಹೋಟೆಲುಗಳ ಕೈಪಿಡಿಯನ್ನೇ ಮಾಡಿದ್ದಾರೆ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಜಾಗಗಳು ಬೇಕಾದಷ್ಟಿವೆ. ಲಾಸ್ ಏಂಜಲೀಸ್ ಎದುರಿನ ಕ್ಯಾಟಲಿನಾ ದ್ವೀಪದಲ್ಲಿ ಗುಡ್ಡದ ನೆತ್ತಿಯನ್ನು ತಟ್ಟಿ ಸಮ ಮಾಡಿ, ಸಮುದ್ರಮಟ್ಟದಿಂದ 1,602 ಅಡಿ ಎತ್ತರದಲ್ಲಿ ರನ್‌ವೇ ಹಾಸಿದ್ದಾರೆ. ಅಲ್ಲಿನ ಹೋಟೆಲು ಬೈಸನ್ ಮಾಂಸದ ಬರ್ಗರ್‌ಗೆ ಹೆಸರುವಾಸಿ. ಕೋಲಿಂಗಾ ಬಳಿಯ ಹ್ಯಾರಿಸ್ ರಾಂಚ್‌ನಲ್ಲಿ ಹೋಟೆಲಿಗೆ ತಾಗಿಕೊಂಡೇ ಇರುವ ರನ್‌ವೇಯ ಅಗಲ ಬರೀ 30 ಅಡಿ. ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ, ಪೆಸಿಫಿಕ್ ಸಾಗರದ ಅಂಚಿಗೇ ಇರುವ ಹಾಫ್ ಮೂನ್ ಬೇ ನಿಲ್ದಾಣದಲ್ಲಿ ಇಳಿದವರು ಸ್ವಲ್ಪ ನಡೆದರೆ ಪ್ರಿನ್ಸ್‌ಟನ್ ಬಂದರಿನ ಮೀನಿನ ಹೋಟೆಲುಗಳ ಮುಂದಿರುತ್ತಾರೆ. ಸಿಲಿಕಾನ್ ಕಣಿವೆಯಲ್ಲಿ ನೆಲೆಸಿ, ಬಿಡುವಿನಲ್ಲಿ ಹಾರಾಟ ಕಲಿತವರಿಗೆ ಇದು ಮೆಚ್ಚಿನ ದಾರಿ.

ಈ ಸುಖವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಾರುವುದನ್ನು ಕಲಿತವನು ಹಾರದೆ ಕೂತರೆ ಕೈ ಮರೆಯುತ್ತದೆ. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಕನಿಷ್ಠ 3 ಸಲ ಏರಿ ಇಳಿದಿರಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ. ಊಟ ಒಂದು ನೆಪ. ನೆಪವಿಲ್ಲದೆ ಅಭ್ಯಾಸ ನಡೆಯುವುದು ಕಷ್ಟ. ತಾನು ಕಷ್ಟಪಟ್ಟು ಕಲಿತ ವಿದ್ಯೆಯನ್ನು ತನ್ನವರಿಗೆ ತೋರಿಸುವ ಆಸೆಯಲ್ಲಿ ತಪ್ಪೇನಿದೆ? ಆದರೆ ಈ ಹಾರಾಟದ ಒಂದು ಗುಣವನ್ನು ಮರೆಯಬಾರದು. ಇದು ಯಾರಿಗೂ ಬೇಕಾಗಿರಲಿಲ್ಲ. ರೋಗಿಯನ್ನು ಸಾಗಿಸುವ ವಿಮಾನಕ್ಕೆ, ಕಾಡ್ಗಿಚ್ಚಿನ ಮೇಲೆ ನೀರು ಸುರಿಯುವ ವಿಮಾನಕ್ಕೆ ಅಗತ್ಯದ ಬಲವಿದೆ. ಅವು ಇತರರಿಂದ ಸ್ವಲ್ಪ ಅಪಾಯವನ್ನೂ ಸ್ವಲ್ಪ ತೊಂದರೆಯನ್ನೂ ಕೇಳಿ ಪಡೆಯಬಹುದು. ಊಟದ ಹಾರಾಟಕ್ಕೆ ಆ ಬಲವಿಲ್ಲ. ತನ್ನ ಸುಖಕ್ಕಾಗಿ ಒಬ್ಬ ತನ್ನ ಹಣವನ್ನು, ತನ್ನ ಜೀವವನ್ನು ಒಡ್ಡಬಹುದು. ಬೇರೆಯವರದನ್ನು ಒಡ್ಡುವ ಮುಂಚೆ ಅವರನ್ನು ಕೇಳಬೇಕು, ಅವರಿಗೆ ಅರ್ಥವಾಗುವಂತೆ ಕೇಳಬೇಕು. ನಾನು ಈ ಲೇಖನದಲ್ಲಿ ಹಿಡಿದು ಹೊರಟಿರುವ ಮಾತು ಇದೊಂದೇ.

ಅದಕ್ಕೊಂದು ಪ್ರಕರಣ ಇಡುತ್ತೇನೆ. ಇದರ ಪಾತ್ರಗಳು ನಾನು ಕಟ್ಟಿದವು. ನೆಲ, ನಿಯಮ, ಹವಾಮಾನ, ಇಂಧನ ಇವೆಲ್ಲ ನಿಜ.

ಕಾಲ, 2023ರ ಬೇಸಿಗೆಯ ಒಂದು ಭಾನುವಾರ. ಸ್ಥಳ, ಸ್ಯಾನ್ ಹೋಸೆ ನಗರದ ಪೂರ್ವಭಾಗದ ರೀಡ್-ಹಿಲ್‌ವ್ಯೂ ನಿಲ್ದಾಣ. ಪೈಲಟ್ ಒಬ್ಬ ನಡುವಯಸ್ಸಿನ ಕನ್ನಡಿಗ, ಸಾಫ್ಟ್‌ವೇರ್ ಇಂಜಿನಿಯರ್. ಖಾಸಗಿ ಪೈಲಟ್ ಲೈಸೆನ್ಸ್ ಇದೆ. ಮೋಡದೊಳಗೆ ಬರೀ ಉಪಕರಣ ನೋಡಿಕೊಂಡು ಹಾರುವ ಅರ್ಹತೆ, ಅಲ್ಲಿನವರು ಇನ್‌ಸ್ಟ್ರುಮೆಂಟ್ ರೇಟಿಂಗ್ ಎನ್ನುವುದು, ಇಲ್ಲ. ಇನ್ನು ಮೂವರೊಡನೆ ಸೇರಿ ಕೊಂಡ ಸೆಸ್ನಾ 172ಎಂ ಅವನದು. 1970ರ ದಶಕದ ವಿಮಾನ, 150 ಅಶ್ವಶಕ್ತಿಯ ಎಂಜಿನ್, ನಾಲ್ಕು ಸೀಟು. 172 ಮಾದರಿ 1956ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ 44,000ಕ್ಕೂ ಹೆಚ್ಚು ತಯಾರಾಗಿವೆ. ಲೋಕದಲ್ಲಿ ಇದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ ಇನ್ನೊಂದಿಲ್ಲ. ಅವತ್ತು ಅವನ ಜೊತೆ ಹೊರಟವರು ಅವನ ಗೆಳೆಯ, ಮತ್ತು ಮಗನ ಮನೆಗೆಂದು ಹಾಸನದಿಂದ ಬಂದಿದ್ದ ಗೆಳೆಯನ ತಂದೆ ತಾಯಿ. ತಂದೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು. ಗೆಳೆಯನ ಹೆಂಡತಿ ಮತ್ತು ಮಗು ಕಾರಿನಲ್ಲಿ, 92ನೇ ಹೆದ್ದಾರಿ ಹಿಡಿದು ಗುಡ್ಡ ದಾಟಿ, ಹಾಫ್ ಮೂನ್ ಬೇಗೆ ಮೊದಲೇ ಹೋಗಿ ಕಾಯುವುದೆಂದು ಗೊತ್ತುಮಾಡಿದ್ದರು. ಬಂದರಿನ ಹೋಟೆಲಿನಲ್ಲಿ ಆರು ಜನಕ್ಕೆ ಮೇಜು ಹೇಳಿಯಾಗಿತ್ತು. ಸಸ್ಯಾಹಾರಿಗಳಾದ ತಾಯಿಗೆ ಏನು ಸಿಗುತ್ತದೆಂದು ಫೋನಿನಲ್ಲಿ ವಿಚಾರಿಸಿಯೂ ಆಗಿತ್ತು.

ಹೊರಡುವ ಮುಂಚೆ ಪೈಲಟ್ ಕೇಳಿದ ಮೊದಲ ಪ್ರಶ್ನೆ: “ಅಮ್ಮ, ನಿಮ್ಮ ತೂಕ ಎಷ್ಟು?”

ಆಕೆ ಸಂಕೋಚಪಟ್ಟರು. ಮಗನಿಗೂ ಇರಿಸುಮುರಿಸಾಯಿತು. ಆದರೆ ಕೇಳದೆ ವಿಧಿಯಿಲ್ಲ. ಆ ವಿಮಾನ ಎಲ್ಲ ಸೇರಿ 2,300 ಪೌಂಡ್, ಅಂದರೆ ಸುಮಾರು 1,043 ಕಿಲೋ ಮೀರುವಂತಿಲ್ಲ. ಬರಿದಾದ ವಿಮಾನದ ತೂಕವೇ 1,400 ಪೌಂಡಿನ ಆಸುಪಾಸು. ಉಳಿದ 900 ಪೌಂಡಿನಲ್ಲಿ ನಾಲ್ಕು ದೊಡ್ಡವರು ಕೂತರೆ ತೊಟ್ಟಿ ತುಂಬ ಇಂಧನ ಹಾಕಲು ಜಾಗ ಉಳಿಯುವುದೇ ಅನುಮಾನ. ನಾಲ್ಕು ಸೀಟಿದೆ ಎಂದರೆ ನಾಲ್ವರೂ ಕೂರಬಹುದು ಎಂದಲ್ಲ. ಭಾರ ಹೆಚ್ಚಾದ ವಿಮಾನ ನೆಲ ಬಿಡಲು ಹೆಚ್ಚು ದೂರ ಓಡುತ್ತದೆ, ನಿಧಾನ ಏರುತ್ತದೆ. ಬಿಸಿಲಿನ ದಿನ ಇನ್ನೂ ನಿಧಾನ. ಅತಿಥಿಯ ತೂಕ ಕೇಳುವುದು ಅಗೌರವ ಅನ್ನಿಸಿ ಅಂದಾಜಿನಲ್ಲಿ ಬರೆದುಕೊಳ್ಳುವ ಪೈಲಟ್‌ಗಳಿದ್ದಾರೆ. ಅದು ಮರ್ಯಾದೆಯೆಂದು ಅವರು ತಿಳಿದಿರುತ್ತಾರೆ. ತನ್ನ ಮುಜುಗರ ತಪ್ಪಿಸಿಕೊಳ್ಳಲು ಮುದುಕಿಯೊಬ್ಬಳ ಜೀವವನ್ನು ಅಂದಾಜಿಗೆ ಬಿಡುವುದು ಯಾವ ಮರ್ಯಾದೆಯೂ ಅಲ್ಲ. ಈ ಪೈಲಟ್ ಕೇಳಿದ, ಬರೆದುಕೊಂಡ, ಲೆಕ್ಕ ಹಾಕಿದ, ಮಿತಿಯೊಳಗಿದೆ ಎಂದು ನೋಡಿಕೊಂಡ. ಅದು ಸರಿ.

ಆಮೇಲೆ ರೆಕ್ಕೆಯ ಕೆಳಗಿನ ಕವಾಟ ಒತ್ತಿ, ಪಾರದರ್ಶಕ ಬಟ್ಟಲಿಗೆ ಸ್ವಲ್ಪ ಇಂಧನ ಇಳಿಸಿ ಬೆಳಕಿಗೆ ಹಿಡಿದ. ನೀರು ಬೆರೆತಿದೆಯೇ, ಸರಿಯಾದ ದರ್ಜೆಯ ಇಂಧನವೇ ಎಂದು ನೋಡುವ ಕ್ರಮ ಅದು. ಬಟ್ಟಲಲ್ಲಿದ್ದುದು ತಿಳಿನೀಲಿ. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು “ಬಣ್ಣ ಯಾಕೆ?” ಎಂದರು. ಯಾವ ದರ್ಜೆಯೆಂದು ಕಣ್ಣಿಗೇ ಗೊತ್ತಾಗಲೆಂದು ಹಾಕುತ್ತಾರೆ ಎಂದ ಪೈಲಟ್. ಅವರು ತಲೆಯಾಡಿಸಿದರು.

ಹಣದ ಮಾತೂ ಬಂತು. ತನ್ನ ಅಪ್ಪ ಅಮ್ಮನಿಗೆಂದು ಹೊರಟದ್ದು, ಪೂರ್ತಿ ಖರ್ಚು ತಾನೇ ಕೊಡುತ್ತೇನೆ ಎಂದು ಗೆಳೆಯ ಹಟ ಹಿಡಿದ. ಕನ್ನಡಿಗರ ಮನೆಗಳಲ್ಲಿ ಬೆಳೆದವರಿಗೆ ಈ ಹಟ ಹೊಸದಲ್ಲ. ಆದರೆ ಅಮೆರಿಕದ ಕಾನೂನು ಇಲ್ಲಿ ಅಡ್ಡ ನಿಲ್ಲುತ್ತದೆ. ಖಾಸಗಿ ಲೈಸೆನ್ಸಿನ ಪೈಲಟ್ ಪ್ರಯಾಣಿಕರಿಂದ ಇಂಧನ, ಎಣ್ಣೆ, ನಿಲ್ದಾಣದ ಶುಲ್ಕ, ಬಾಡಿಗೆ ಇಷ್ಟರಲ್ಲಿ ಅವರವರ ಪಾಲು ಮಾತ್ರ ಪಡೆಯಬಹುದು. ತನ್ನ ಪಾಲನ್ನು ತಾನೇ ಕೊಡಲೇಬೇಕು. ನಾಲ್ವರಿದ್ದರೆ ನಾಲ್ಕರಲ್ಲಿ ಒಂದು ಪಾಲು ಅವನದು. ಅಷ್ಟೇ ಸಾಲದು. ಆ ಪಯಣದ ಉದ್ದೇಶ ಎಲ್ಲರಿಗೂ ಸಮಾನವಾಗಿರಬೇಕೆಂದು ಅಲ್ಲಿನ ವಿಮಾನಯಾನ ಆಡಳಿತ ವ್ಯಾಖ್ಯಾನ ಮಾಡಿದೆ. ಪೈಲಟ್‌ಗೂ ಅಲ್ಲಿ ಹೋಗುವ ಸ್ವಂತ ಕಾರಣವಿರಬೇಕು. ಬೇರೆಯವರನ್ನು ತಲುಪಿಸುವುದೊಂದೇ ಕಾರಣವಾದರೆ ಅದು ಬಾಡಿಗೆ ಸಾರಿಗೆ, ಅದಕ್ಕೆ ಬೇರೆಯದೇ ಲೈಸೆನ್ಸ್. ಒಂದೇ ಊಟವನ್ನು ನಾಲ್ವರೂ ಬಯಸಿರಬೇಕು ಎಂದು ಕಾನೂನು ಕೇಳುತ್ತದೆ. ನನಗೆ ಈ ನಿಯಮದಲ್ಲಿ ಬಹಳ ವಿವೇಕ ಕಾಣುತ್ತದೆ. ಪೂರ್ತಿ ದುಡ್ಡು ಕೊಟ್ಟವನು ಪಕ್ಕದಲ್ಲಿ ಕೂತಿದ್ದರೆ, ವಾಪಸು ತಿರುಗೋಣ ಎಂಬ ಮಾತು ಪೈಲಟ್‌ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗೆಳೆಯನ ಉದಾರತೆಯನ್ನು ಅವನು ಒಪ್ಪಿಕೊಳ್ಳಲಿಲ್ಲ. ಅದೂ ಸರಿ.

ಹಾರಾಟದ ಮೊದಲ ಕಾಲುಗಂಟೆ ಅವರಿಗೆಲ್ಲ ಹಬ್ಬ. ಸ್ಯಾನ್ ಹೋಸೆ ಅಂತಾರಾಷ್ಟ್ರೀಯ ನಿಲ್ದಾಣದ ಕಂಟ್ರೋಲರ್‌ನ ಸೂಚನೆಯಂತೆ ಊರು ದಾಟಿ, ಕೂಪರ್ಟಿನೋದಲ್ಲಿ ಆ್ಯಪಲ್ ಕಂಪನಿಯ ಬಳೆಯಾಕಾರದ ಕಟ್ಟಡ, ಮಾಫೆಟ್ ಫೀಲ್ಡಿನಲ್ಲಿ 1930ರ ದಶಕದ ವಾಯುನೌಕೆಗಳಿಗೆಂದು ಕಟ್ಟಿದ ಬೃಹತ್ ಹ್ಯಾಂಗರ್, ಸ್ಟ್ಯಾನ್‌ಫರ್ಡಿನ ಕೆಂಪು ಹೆಂಚುಗಳು. ಮುಂದೆ ಗುಡ್ಡಸಾಲಿನ ಬುಡದಲ್ಲಿ ಕ್ರಿಸ್ಟಲ್ ಸ್ಪ್ರಿಂಗ್ಸ್ ಜಲಾಶಯ, ಸ್ಯಾನ್ ಆಂಡ್ರಿಯಾಸ್ ಭೂಬಿರುಕಿನ ಮೇಲೇ ಉದ್ದಕ್ಕೆ ಮಲಗಿದ ನೀರು. ಭೂಕಂಪದ ಪಾಠ ಮಾಡಿದ್ದ ಮೇಷ್ಟ್ರು ಆ ಗೆರೆಯನ್ನು ಮೇಲಿನಿಂದ ನೋಡಿ ಮಾತು ಮರೆತರು. ಇದನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ. ಈ ಹಾರಾಟದಿಂದ ಮನುಷ್ಯನಿಗೆ ಸಿಗುವುದು ನಿಜವಾದದ್ದು, ಬೆಲೆಯುಳ್ಳದ್ದು. ಅದನ್ನು ಅಲ್ಲಗಳೆದು ಮಾಡುವ ನೀತಿವಿಚಾರ ನನಗೆ ಬೇಡ.

ಗುಡ್ಡಸಾಲಿನ ನೆತ್ತಿಗೆ ಬಂದಾಗ ಪಶ್ಚಿಮದಲ್ಲಿ ಸಮುದ್ರವಿರಲಿಲ್ಲ. ಕರಾವಳಿಯುದ್ದಕ್ಕೂ ಕಾದು ಕೆನೆಗಟ್ಟಿದ ಹಾಲಿನಂಥ ಬಿಳುಪು.

ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಬೇಸಿಗೆಯಲ್ಲೇ ಮಂಜು ಹೆಚ್ಚು. ಗಾಳಿ ಮೇಲುನೀರನ್ನು ತಳ್ಳಿದಂತೆ ಸಾಗರದ ಆಳದ ತಣ್ಣೀರು ದಡದ ಬಳಿ ಮೇಲೇಳುತ್ತದೆ. ಅದರ ಮೇಲೆ ಹಾಯುವ ತೇವದ ಗಾಳಿ ತಣ್ಣಗಾಗಿ ಮೋಡಗಟ್ಟುತ್ತದೆ. ಒಳನಾಡಿನ ಸೆಂಟ್ರಲ್ ವ್ಯಾಲಿ ಬಿಸಿಲಿಗೆ ಕಾದು ಗಾಳಿ ಮೇಲೇರಿದಾಗ, ಆ ಸೆಳೆತಕ್ಕೆ ಈ ಮೋಡದ ಪದರ ದಡದತ್ತ ನುಗ್ಗುತ್ತದೆ. ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳವಿರುವುದರಿಂದ ಎತ್ತರಕ್ಕೆ ಏರಲಾರದು, ಗುಡ್ಡವನ್ನೂ ಸುಲಭವಾಗಿ ದಾಟಲಾರದು. ಆದ್ದರಿಂದ ಗುಡ್ಡದ ಈಚೆ ನೀಲಿ ಆಕಾಶ, ಆಚೆ ಏನೂ ಕಾಣದ ಬಿಳುಪು. ಮಧ್ಯಾಹ್ನದ ಹೊತ್ತಿಗೆ ಕರಗಬಹುದು, ಕರಗದೆಯೂ ಇರಬಹುದು. ಆ ಭಾಗದ ಪೈಲಟ್‌ಗಳಿಗೆ ಇದು ಬಾಯಿಪಾಠ; ನಮ್ಮ ಪೈಲಟ್‌ಗೂ ಗೊತ್ತಿತ್ತು. ಹೊತ್ತೇರಿದಂತೆ ತಿಳಿಯಾಗುತ್ತದೆಂಬ ಭರವಸೆಯಲ್ಲಿ ಹೊರಟಿದ್ದ.

ಹಾಫ್ ಮೂನ್ ಬೇಯ ಸ್ವಯಂಚಾಲಿತ ಹವಾ ಕೇಂದ್ರ ರೇಡಿಯೋದಲ್ಲಿ ಹೇಳುತ್ತಿದ್ದುದು 600 ಅಡಿ ಎತ್ತರದಲ್ಲಿ ಮುಚ್ಚಿದ ಮೋಡ. ನಿಲ್ದಾಣವನ್ನು ಸುತ್ತು ಹಾಕಿ ಇಳಿಯಲು ವಾಡಿಕೆಯಾಗಿ ಹಿಡಿಯುವ ಎತ್ತರವೇ ಸುಮಾರು ಸಾವಿರ ಅಡಿ. ಅಷ್ಟರಲ್ಲಿ ಗೆಳೆಯನ ಫೋನಿಗೆ ಹೆಂಡತಿಯ ಸಂದೇಶ: ಇಲ್ಲಿ ಸ್ವಲ್ಪ ಮೋಡ ಅಷ್ಟೇ, ದೋಣಿಗಳೆಲ್ಲ ಚೆನ್ನಾಗಿ ಕಾಣುತ್ತಿವೆ, ಮೇಜು ಸಿಕ್ಕಿತು, ಎಲ್ಲಿದ್ದೀರಿ? ಆಕೆ ಬರೆದದ್ದು ಸತ್ಯ. ನೆಲದ ಮೇಲೆ ನಿಂತವರಿಗೆ 600 ಅಡಿ ಮೇಲಿನ ಮೋಡ ಒಂದು ಮಬ್ಬು ಮಧ್ಯಾಹ್ನ. ಮೇಲಿನಿಂದ ಇಳಿಯಬೇಕಾದವನಿಗೆ ಅದು ಬಾಗಿಲು ಹಾಕಿದ ಮನೆ.

ಆಗ ಬಿಳುಪಿನ ನಡುವೆ ಒಂದು ಕಿಂಡಿ ಕಂಡಿತು. ಕೆಳಗೆ ಬೂದು ನೀರು, ನೊರೆಯ ಗೆರೆ, ರನ್‌ವೇಯ ಒಂದು ತುದಿ. ಮೇಷ್ಟ್ರೇ ಮೊದಲು ನೋಡಿದ್ದು. “ಅಲ್ಲಿ ನೋಡಪ್ಪ, ನೀರು ಕಾಣ್ತಾ ಇದೆ. ಆ ಸಂದಿಯಲ್ಲಿ ಇಳಿಸಕ್ಕಾಗಲ್ವಾ?”

ಪೈಲಟ್‌ಗಳು ಇಂಥ ಕಿಂಡಿಯನ್ನು ‘ಸಕ್ಕರ್ ಹೋಲ್’ ಎನ್ನುತ್ತಾರೆ, ಮರುಳನನ್ನು ಒಳಗೆಳೆಯುವ ತೂತು. ಕಣ್ಣೆದುರಿನಲ್ಲೇ ಇಂಥವು ಮುಚ್ಚಿಕೊಳ್ಳುತ್ತವೆ. ಕಾನೂನಿನ ಲೆಕ್ಕವೂ ಸ್ಪಷ್ಟವಿದೆ. ಆ ಎತ್ತರದ ಆಕಾಶದಲ್ಲಿ ಕಣ್ಣಳತೆಯಲ್ಲಿ ಹಾರುವವನು ಮೋಡದಿಂದ ಅಡ್ಡಕ್ಕೆ 2,000 ಅಡಿ ದೂರವಿರಬೇಕು. ಎಂದರೆ ನಟ್ಟನಡುವೆ ಇಳಿದರೂ ಕಿಂಡಿಯ ಅಗಲ 4,000 ಅಡಿಯಾದರೂ ಇರಬೇಕು. ಅದಕ್ಕಿಂತ ಕಿರಿದಾದದ್ದರಲ್ಲಿ ಸುತ್ತುತ್ತ ಇಳಿಯುವ ಪೈಲಟ್ ಒಂದು ಕ್ಷಣ ಬಿಳುಪಿನೊಳಗೆ ಹೊಕ್ಕರೆ ಏನಾಗುತ್ತದೆಂದು 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದ್ದಾರೆ. ಉಪಕರಣ ಹಾರಾಟದ ತರಬೇತಿಯಿಲ್ಲದ 20 ಜನರನ್ನು, ಹೊರಗೇನೂ ಕಾಣದಂತೆ ಮಾಡಿ, ವಿಮಾನ ಹಾರಿಸಲು ಬಿಟ್ಟರು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದದ್ದು ಸರಾಸರಿ 178 ಸೆಕೆಂಡು, ಮೂರು ನಿಮಿಷ ಕೂಡ ಇಲ್ಲ. ದಿಗಂತ ಕಾಣದಿದ್ದಾಗ ಒಳಗಿವಿಯ ದ್ರವ ಸುಳ್ಳು ಹೇಳುತ್ತದೆ. ವಿಮಾನ ಓರೆಯಾಗಿ ಸುತ್ತುತ್ತಿದ್ದರೂ ನೆಟ್ಟಗಿದೆ ಅನ್ನಿಸುತ್ತದೆ. ಸರಿಪಡಿಸಹೋದಷ್ಟೂ ಸುತ್ತು ಬಿಗಿಯಾಗುತ್ತದೆ. ಅಷ್ಟಕ್ಕೂ ಆ ಪರೀಕ್ಷೆಯ ಉದ್ದೇಶ ಹೆದರಿಸುವುದಾಗಿರಲಿಲ್ಲ. ಮೋಡ ಹೊಕ್ಕವನು ಹೊಕ್ಕ ದಾರಿಯಲ್ಲೇ ತಿರುಗಿ ಹೊರಬರುವುದನ್ನು ಕಲಿಸಬಹುದೇ ಎಂದು ನೋಡುವುದಾಗಿತ್ತು. ಕಲಿಸಬಹುದೆಂದು ಗೊತ್ತಾಯಿತು.

ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತೀರಿಕೊಂಡದ್ದು ಇಂಥದೇ ಕಾರಣದಿಂದ. 1999ರ ಜುಲೈ 16ರ ರಾತ್ರಿ, ಮರುದಿನದ ಮದುವೆಯೊಂದಕ್ಕೆಂದು ತನ್ನ ಪೈಪರ್ ಸಾರಾಟೋಗದಲ್ಲಿ ಹೊರಟ ಅವರಿಗೂ ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ. ಮಬ್ಬು ಕವಿದ ಸಮುದ್ರದ ಮೇಲೆ ದಿಗಂತ ಕಳೆದುಹೋಯಿತು. ದಿಕ್ಕುಭ್ರಮೆಯಿಂದ ವಿಮಾನ ನೀರಿಗೆ ಬಿತ್ತೆಂದು ತನಿಖೆ ಹೇಳಿತು. ಜೊತೆಯಲ್ಲಿ ಹೆಂಡತಿ ಇದ್ದರು, ಹೆಂಡತಿಯ ಅಕ್ಕ ಇದ್ದರು. ಆ ಅಕ್ಕನನ್ನು ದಾರಿಯಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಇಳಿಸಿ ಹೋಗಬೇಕಾಗಿತ್ತು. ಈ ಘಟನೆ ನೆನೆದಾಗಲೆಲ್ಲ ನನ್ನ ಮನಸ್ಸು ಪೈಲಟ್‌ಗಿಂತ ಆ ಇಬ್ಬರು ಹೆಂಗಸರ ಬಳಿ ಹೋಗಿ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಅವತ್ತಿನ ಮಬ್ಬು ಎಷ್ಟು ಅಪಾಯದ್ದು ಎಂದು ತೂಗುವ ಯಾವ ಸಾಧನವಿತ್ತು?

ಮೇಷ್ಟ್ರ ಪ್ರಶ್ನೆಯೂ ಅಂಥದೇ. ಅವರು ಕೇಳಿದ್ದು ಏನೆಂದು ಅವರಿಗೆ ಗೊತ್ತಿರಲಿಲ್ಲ. ಇಳಿಯೋಣ ಎಂದು ಪ್ರಯಾಣಿಕ ಒಪ್ಪಿದ, ಒತ್ತಾಯಿಸಿದ, ಆದ್ದರಿಂದ ಹೊಣೆ ಹಂಚಿಹೋಯಿತು ಎಂದು ಯಾವ ಪೈಲಟ್ಟೂ ಹೇಳುವಂತಿಲ್ಲ. ವಿಮಾನದ ಅಂತಿಮ ಅಧಿಕಾರವೂ ನೇರ ಹೊಣೆಯೂ ಪೈಲಟ್‌ನದೇ ಎಂದು ಅಮೆರಿಕದ ನಿಯಮ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. ಅಪಾಯದ ತೂಕ ತಿಳಿಯದವರ ಒಪ್ಪಿಗೆ ಒಪ್ಪಿಗೆಯಲ್ಲ. ನಮ್ಮ ಪೈಲಟ್ ಕಿಂಡಿಯ ಸುತ್ತ ಒಮ್ಮೆ ಸುತ್ತಿದ. ಅದರ ಅಂಚು ಒಳಸರಿಯುತ್ತಿತ್ತು. “ಇಲ್ಲ ಮೇಷ್ಟ್ರೇ, ವಾಪಸು ಹೋಗೋಣ” ಎಂದು ಪೂರ್ವಕ್ಕೆ ತಿರುಗಿಸಿದ.

ಇನ್‌ಸ್ಟ್ರುಮೆಂಟ್ ರೇಟಿಂಗ್ ಇದ್ದ ಪೈಲಟ್ ಆಗಿದ್ದರೆ, ಅನುಮತಿ ಪಡೆದು ಮೋಡದೊಳಗಿನಿಂದಲೇ ಕ್ರಮಬದ್ಧವಾಗಿ ಇಳಿಯುವ ದಾರಿ ಅವನಿಗಿರುತ್ತಿತ್ತು. ಅದು ಬೇರೆಯೇ ಪ್ರಕರಣ.

ವಾಪಸು ಬರುವ ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಗೆಳೆಯನಿಗೆ ಬೇಸರವಾಗಿತ್ತು, ಹೆಂಡತಿ ಮಗು ಅಲ್ಲಿ ಆರು ಜನರ ಮೇಜಿನ ಮುಂದೆ ಇಬ್ಬರೇ ಕೂತಿದ್ದರು, ಅವರು ಮತ್ತೆ ಗುಡ್ಡ ದಾಟಿ ಬರಬೇಕು. ಇಷ್ಟು ಹತ್ತಿರ ಹೋಗಿ, ಕಣ್ಣಿಗೆ ರನ್‌ವೇ ಕಂಡ ಮೇಲೂ ತಿರುಗಬೇಕಾಯಿತಲ್ಲ ಎಂದ. ತಾಯಿ ಮಾತ್ರ, ಹೋಗಲಿ ಬಿಡು, ಊಟ ಎಲ್ಲಾದರೂ ಆಯಿತು ಎಂದರು.

ತಿರುಗಿದ್ದು ಸರಿಯೋ ತಪ್ಪೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಅಷ್ಟಕ್ಕೇ ಪೈಲಟ್‌ನನ್ನು ಹೊಗಳಿ ಪ್ರಕರಣ ಮುಚ್ಚಿದರೆ ನಾವು ತಪ್ಪು ಜಾಗದಲ್ಲಿ ನೋಡಿದಂತಾಗುತ್ತದೆ. ಅವನ ಕೊರತೆ ಗುಡ್ಡದ ನೆತ್ತಿಯಲ್ಲಿರಲಿಲ್ಲ, ಅದಕ್ಕೆ ಮೂರು ದಿನ ಮುಂಚೆ ಇತ್ತು. ಮೇಜು ಹೇಳಲು ಬಿಟ್ಟದ್ದು, ಕಾರಿನವರನ್ನು ಮುಂದೆ ಕಳಿಸಲು ಒಪ್ಪಿದ್ದು, ಭಾನುವಾರ ಒಂದು ಗಂಟೆಗೆ ಅಲ್ಲಿರುತ್ತೇವೆ ಎಂದು ಮಾತು ಕೊಟ್ಟದ್ದು. ಆ ಮಾತು ಕೊಡುವ ಹಕ್ಕು ಅವನಿಗಿರಲಿಲ್ಲ; ಆ ಕರಾವಳಿಯ ಬೇಸಿಗೆ ಅದನ್ನು ಯಾರಿಗೂ ಕೊಡುವುದಿಲ್ಲ. ಪೈಲಟ್ ತರಬೇತಿಯಲ್ಲಿ ಹೊರಡುವ ಮುನ್ನ ನೋಡಿಕೊಳ್ಳಲು ನಾಲ್ಕು ಸಂಗತಿ ಹೇಳಿಕೊಡುತ್ತಾರೆ: ಪೈಲಟ್, ವಿಮಾನ, ಪರಿಸರ, ಹೊರಗಿನ ಒತ್ತಡ. ನಾಲ್ಕನೆಯದನ್ನು ಅವನು ತನ್ನ ಕೈಯಾರೆ ಕಟ್ಟಿ ತಂದಿದ್ದ. ಅಗತ್ಯವಿಲ್ಲದ ಪಯಣದ ದೊಡ್ಡ ಸಂಪತ್ತು ಎಂದರೆ ಅದನ್ನು ಯಾವ ಗಳಿಗೆಯಲ್ಲೂ ಬಿಟ್ಟುಬಿಡಬಹುದು ಎಂಬ ಸ್ವಾತಂತ್ರ್ಯ. ಊಟವನ್ನು ನೆಪವಾಗಿ ಇಟ್ಟುಕೊಂಡಷ್ಟು ಹೊತ್ತು ಆ ಸ್ವಾತಂತ್ರ್ಯ ಉಳಿದಿರುತ್ತದೆ. ಕಾಯುವವರು, ಕಾದಿರಿಸಿದ ಮೇಜು, ಕೊಟ್ಟ ಮಾತು ಸೇರಿದ ಮೇಲೆ ನೆಪವೇ ಯಜಮಾನನಾಗುತ್ತದೆ. ಅವನು ಗಟ್ಟಿಗ, ಯಜಮಾನನ ಮಾತು ಮೀರಿದ. ಎಲ್ಲರೂ ಮೀರುವುದಿಲ್ಲ.

ನಾಲ್ವರೂ ಹತ್ತುವ ಮುಂಚೆ ಅವನು ಹೇಳಬೇಕಾಗಿದ್ದ ಮಾತು ಸರಳ. ನಾವು ಸಮುದ್ರದ ಕಡೆ ಹೋಗಿ ನೋಡಿ ಬರುತ್ತೇವೆ. ತೆರೆದಿದ್ದರೆ ಇಳಿದು ಊಟ. ಇಲ್ಲದಿದ್ದರೆ ಸುತ್ತಿ ಮನೆಗೆ. ಈ ಎಂಜಿನ್ ಒಂದೇ ಇರುವುದು. ನಾನು ವೃತ್ತಿಯ ಪೈಲಟ್ ಅಲ್ಲ. ನನಗೆ ಮೋಡದೊಳಗೆ ಹಾರಲು ಬರುವುದಿಲ್ಲ. ನಿಮಗೆ ಇಷ್ಟವಿಲ್ಲದಿದ್ದರೆ ಈಗಲೇ ಹೇಳಬಹುದು, ಯಾರಿಗೂ ಬೇಸರವಿಲ್ಲ. ಹೀಗೆ ಹೇಳಿದರೆ ಸಂಭ್ರಮ ಸ್ವಲ್ಪ ಕುಗ್ಗೀತು. ಆದರೆ ಹತ್ತಿದವರು ತಿಳಿದು ಹತ್ತಿದಂತಾಗುತ್ತಿತ್ತು. ಕಾನೂನು ಬೆಲ್ಟ್ ಕಟ್ಟುವುದನ್ನು ವಿವರಿಸು ಎನ್ನುತ್ತದೆ, ಇಷ್ಟನ್ನು ಹೇಳು ಎನ್ನುವುದಿಲ್ಲ. ಹೇಳಬೇಕಾದ್ದು ಕಾನೂನಿನಲ್ಲಿ ಇರಲೇಬೇಕೆಂದಿಲ್ಲ.

ಅವರು ಕೊನೆಗೆ ಊಟ ಮಾಡಿದ್ದು ಸನ್ನಿವೇಲ್‌ನ ಎಲ್ ಕಮೀನೋ ರಸ್ತೆಯ ಒಂದು ದಕ್ಷಿಣ ಭಾರತದ ಹೋಟೆಲಿನಲ್ಲಿ. ಹಾಫ್ ಮೂನ್ ಬೇಯಿಂದ ಮರಳಿದ ಇಬ್ಬರೂ ಸೇರಿಕೊಂಡರು. ದೋಸೆ ಬರುವ ಮುಂಚೆ ಮೇಷ್ಟ್ರು ಬೆಳಗಿನ ಪ್ರಶ್ನೆಗೆ ಬಂದರು. “ಆ ನೀಲಿ ಪೆಟ್ರೋಲಿನಲ್ಲಿ ಟೆಟ್ರಾಈಥೈಲ್ ಲೆಡ್ ಇದೆಯೇ?” ತರಗತಿಯಲ್ಲಿ ಎಂಜಿನ್ನಿನ ಬಡಿತ, ಆಕ್ಟೇನ್ ಸಂಖ್ಯೆ ಎಂದು ಎಷ್ಟೋ ವರ್ಷ ಪಾಠ ಮಾಡಿದವರು ಅವರು. 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಕಂಡುಹಿಡಿದ ಆ ಬೆರಕೆ, ಭಾರತದ ಪೆಟ್ರೋಲ್ ಬಂಕುಗಳಿಂದ 2000ದಲ್ಲಿ, ಅಮೆರಿಕದ ರಸ್ತೆಗಳಿಂದ 1996ರಲ್ಲಿ ಹೋಯಿತು. ಪೂರ್ತಿ ಹೋಯಿತೆಂದೇ ಅವರು ತಿಳಿದಿದ್ದರು.

ಇದೆ ಎಂದ ಪೈಲಟ್.

ಇದೆ. ನೀಲಿ ಬಣ್ಣದ ಆ ಇಂಧನದ ಹೆಸರು 100ಎಲ್‌ಎಲ್. ಕಡಿಮೆ ಸೀಸದ್ದು ಎಂದು ಹೆಸರಿನಲ್ಲೇ ಇದ್ದರೂ ಒಂದು ಗ್ಯಾಲನ್‌ಗೆ 2.12 ಗ್ರಾಂವರೆಗೆ ಸೀಸ ಇರಬಹುದು. ಗಂಟೆಗೆ ಎಂಟು ಗ್ಯಾಲನ್ ಸುಡುವ ವಿಮಾನ ಒಂದು ಊಟದ ಹಾರಾಟದಲ್ಲಿ ಹತ್ತು ಹದಿನೈದು ಗ್ರಾಂ ಸೀಸವನ್ನು ಗಾಳಿಗೆ ಬಿಡಬಲ್ಲದು. ಅಮೆರಿಕದ ಗಾಳಿಗೆ ಸೇರುವ ಸೀಸದ ಬಹುಪಾಲು ಇಂದು ಇಂಥ ಪಿಸ್ಟನ್ ಎಂಜಿನ್ ವಿಮಾನಗಳದೇ. ಸುಮಾರು ಶೇಕಡಾ 70 ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕ. ಭಾರತದಲ್ಲೂ ಬೇರೆಯಿಲ್ಲ. ಇಂಡಿಯನ್ ಆಯಿಲ್ 2022ರಲ್ಲಿ ದೇಶದೊಳಗೇ ತಯಾರಿಸಿ ಬಿಡುಗಡೆ ಮಾಡಿದ್ದು ಇದೇ 100ಎಲ್‌ಎಲ್. ಬೆಂಗಳೂರಿನ ಜಕ್ಕೂರು ವಾಯುನೆಲೆಯ ಸುತ್ತ ಇಂದು ಮನೆಗಳು ಎಷ್ಟು ಒತ್ತಿಕೊಂಡಿವೆಯೆಂದು ನೋಡಿದವರು ಈ ವಾಕ್ಯವನ್ನು ಇನ್ನೊಮ್ಮೆ ಓದಬಹುದು.

ರೀಡ್-ಹಿಲ್‌ವ್ಯೂ ನಿಲ್ದಾಣವೂ ಹಾಗೆಯೇ. 1930ರ ದಶಕದಲ್ಲಿ ಅದು ಹುಟ್ಟಿದಾಗ ಸುತ್ತ ತೋಟಗಳಿದ್ದವು. ಈಗ ಬೇಲಿಯವರೆಗೂ ಮನೆ, ಶಾಲೆ. ಅಲ್ಲಿರುವವರಲ್ಲಿ ಹೆಚ್ಚಿನವರು ದುಡಿಯುವ ವರ್ಗದ ಲ್ಯಾಟಿನೋ, ವಿಯೆಟ್ನಾಮೀ ಕುಟುಂಬಗಳು. ಸಾಂಟಾ ಕ್ಲಾರಾ ಕೌಂಟಿ ಮಾಡಿಸಿದ ಅಧ್ಯಯನ 2021ರ ಆಗಸ್ಟ್‌ನಲ್ಲಿ ಹೊರಬಂತು. ಸುತ್ತಲ ಮಕ್ಕಳ ಸುಮಾರು 17,000 ರಕ್ತಪರೀಕ್ಷೆಗಳನ್ನು ನೋಡಿದಾಗ, ನಿಲ್ದಾಣದ ಅರ್ಧ ಮೈಲಿಯೊಳಗಿನ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚು. ಗಾಳಿ ಬೀಸುವ ದಿಕ್ಕಿನಲ್ಲಿರುವವರಲ್ಲಿ ಇನ್ನೂ ಹೆಚ್ಚು. ಮಗುವಿನ ರಕ್ತದಲ್ಲಿ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಅದು ಬೆಳೆಯುವ ಮಿದುಳನ್ನು ಕೆಡಿಸುತ್ತದೆ. 2022ರ ಜನವರಿ 1ರಿಂದ ಕೌಂಟಿ ತನ್ನ ಎರಡು ನಿಲ್ದಾಣಗಳಲ್ಲಿ ಸೀಸದ ಇಂಧನ ಮಾರುವುದನ್ನು ನಿಲ್ಲಿಸಿತು. ರೀಡ್-ಹಿಲ್‌ವ್ಯೂನಲ್ಲಿ ಬದಲಿಗೆ ಬಂದದ್ದು ಸೀಸವಿಲ್ಲದ ಯುಎಲ್94. ಆದರೆ ಬೇರೆ ನಿಲ್ದಾಣದಲ್ಲಿ ನೀಲಿ ಇಂಧನ ತುಂಬಿಸಿಕೊಂಡು ಇಲ್ಲಿಗೆ ಬಂದು ಹಾರುವವರನ್ನು ತಡೆಯುವ ಅಧಿಕಾರ ಕೌಂಟಿಗಿಲ್ಲ. ನಮ್ಮ ಪ್ರಕರಣದ ಸೆಸ್ನಾದ ತೊಟ್ಟಿಯಲ್ಲಿದ್ದುದು ಅಂಥದು. ಪಾಲುದಾರನೊಬ್ಬ ಹಿಂದಿನ ವಾರ ಇನ್ನೊಂದು ಊರಿನಲ್ಲಿ ತುಂಬಿಸಿದ್ದ. ಅಂದು ಹೊರಡುವ ಮುನ್ನ ರನ್‌ವೇ ತುದಿಯಲ್ಲಿ ನಿಂತು ಎಂಜಿನ್ನನ್ನು ಜೋರು ಮಾಡಿ ಪರೀಕ್ಷಿಸಿದಾಗ ಸೀಸ ಹೊರಬಿದ್ದದ್ದು ಬೇಲಿಯ ಪಕ್ಕದಲ್ಲೇ.

ಪೈಲಟ್‌ಗಳ ಕಡೆಯ ವಾದಗಳು ನನಗೆ ಗೊತ್ತಿವೆ. ಹಳೆಯ ಮನೆಗಳ ಬಣ್ಣದಲ್ಲಿ, ಹೆದ್ದಾರಿ ಬದಿಯ ಮಣ್ಣಿನಲ್ಲಿ ಹಿಂದಿನ ಸೀಸ ಇನ್ನೂ ಇದೆ. ಆ ಅಧ್ಯಯನ ಎಲ್ಲವನ್ನೂ ವಿಮಾನಗಳ ತಲೆಗೆ ಕಟ್ಟುತ್ತದೆ ಎನ್ನುತ್ತಾರೆ. ಹೆಚ್ಚು ಸಂಪೀಡನದ ಎಂಜಿನ್ನುಗಳಿಗೆ 94 ಆಕ್ಟೇನ್ ಸಾಲದು, ತಪ್ಪು ಇಂಧನ ಹಾಕಿದರೆ ಎಂಜಿನ್ ಆಕಾಶದಲ್ಲೇ ಕೈಕೊಡಬಹುದು ಎನ್ನುತ್ತಾರೆ. ಎರಡನೆಯ ಮಾತು ನಿಜ, ಭಾರವಾದ ನಿಜ. ದೊಡ್ಡ ಎಂಜಿನ್ನಿನಲ್ಲಿ ದುಡಿಯುವ, ರೋಗಿ ಸಾಗಿಸುವ, ಬೆಂಕಿ ಕಾಯುವ ವಿಮಾನಗಳ ಮಾಲೀಕರ ಎದುರು ನಾನು ಸುಲಭದ ತೀರ್ಪು ಹೇಳಲಾರೆ. 100 ಆಕ್ಟೇನಿನ ಸೀಸರಹಿತ ಇಂಧನಕ್ಕೆ ವಿಮಾನಯಾನ ಆಡಳಿತ 2022ರಲ್ಲೇ ಒಪ್ಪಿಗೆ ಕೊಟ್ಟರೂ ಅದು ಎಲ್ಲೆಡೆ ಸಿಗುವಂತಾಗಿರಲಿಲ್ಲ. ಸೀಸದ ವಿಮಾನ ಇಂಧನದ ಮಾರಾಟವನ್ನು 2031ರಿಂದ ನಿಷೇಧಿಸುವ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ 2024ರಲ್ಲಿ ಮಾಡಿದೆ. ಅಷ್ಟು ವರ್ಷದ ಗಡುವು ಕೊಟ್ಟದ್ದಕ್ಕೆ ಅಂಥ ಕಷ್ಟಗಳೇ ಕಾರಣ.

ಊಟದ ಹಾರಾಟಕ್ಕೆ ಆ ಕಷ್ಟಗಳನ್ನು ಎರವಲು ಪಡೆಯುವ ಹಕ್ಕಿಲ್ಲ. ಅಪಾಯವನ್ನು ವಿವರಿಸಿ ಹಾಸನದ ತಾಯಿಯ ಒಪ್ಪಿಗೆ ಕೇಳಬಹುದು, ಮೇಷ್ಟ್ರನ್ನು ಕೇಳಬಹುದು. ಬೇಲಿಯಾಚೆಯ ಮನೆಯ ಎರಡು ವರ್ಷದ ಮಗುವನ್ನು ಯಾರೂ ಕೇಳಲಾರರು. ಅದರ ತಾಯಿಯನ್ನು ಯಾರೂ ಕೇಳಲಿಲ್ಲ. ನಾಲ್ಕು ಪಾಲು ಮಾಡಿದ ಖರ್ಚಿನಲ್ಲಿ ಐದನೆಯ ಪಾಲೊಂದು ಅವರ ಮನೆಗೆ ಹೋಗುತ್ತಿತ್ತು, ಅವರಿಗೆ ತಿಳಿಯದೆ. ಪೈಲಟ್‌ನ ಇತರ ಎಚ್ಚರಗಳನ್ನೆಲ್ಲ ಮೆಚ್ಚಿದ ಮೇಲೂ ಈ ಒಂದು ವಿಷಯದಲ್ಲಿ ಅವನನ್ನು ನಾನು ಬಿಡಲಾರೆ, ಯಾಕೆಂದರೆ ಇಲ್ಲಿ ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವನ 150 ಅಶ್ವಶಕ್ತಿಯ ಹಳೆಯ ಎಂಜಿನ್ ಕಡಿಮೆ ಸಂಪೀಡನದ್ದು, 80 ಆಕ್ಟೇನಿಗೆಂದೇ ಮಾಡಿದ್ದು. ಅದಕ್ಕೆ ಯುಎಲ್94 ಧಾರಾಳ ಸಾಕು. ಬೇಕಾದದ್ದು ಅನುಮೋದನೆಯ ಕಾಗದಪತ್ರ, ಮೆಕ್ಯಾನಿಕ್‌ನ ಸಹಿ, ಇಂಧನ ತುಂಬುವ ಬಾಯಿಯ ಬಳಿ ಅಂಟಿಸುವ ಒಂದು ಚೀಟಿ. ಆ ಇಂಧನ ಅದೇ ನಿಲ್ದಾಣದಲ್ಲಿ ಮಾರಾಟಕ್ಕಿತ್ತು. ನಾಲ್ವರು ಪಾಲುದಾರರಲ್ಲಿ ಯಾರಿಗೂ ಅದು ತುರ್ತು ಅನ್ನಿಸಿರಲಿಲ್ಲ, ಅಷ್ಟೇ.

ಮೇಷ್ಟ್ರು ಹೆಚ್ಚೇನೂ ಹೇಳಲಿಲ್ಲ. ಆ ನಿಲ್ದಾಣದ ಪಕ್ಕದ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಮಾತ್ರ ಕೇಳಿದರು. ಪೈಲಟ್‌ಗೆ ಗೊತ್ತಿರಲಿಲ್ಲ. ಅದೇ ರಾತ್ರಿ ಅವನು ಉಳಿದ ಮೂವರು ಪಾಲುದಾರರಿಗೆ ಪತ್ರ ಬರೆದ: ಯುಎಲ್94ರ ಅನುಮೋದನೆಗೆ ಅರ್ಜಿ ಹಾಕೋಣ, ಖರ್ಚಿನಲ್ಲಿ ನನ್ನ ಪಾಲು ಕೊಡುತ್ತೇನೆ, ನೀವು ಯಾರೂ ಒಪ್ಪದಿದ್ದರೆ ಪೂರ್ತಿ ನಾನೇ ಕೊಡುತ್ತೇನೆ, ಅದಾಗುವವರೆಗೆ ಊಟಕ್ಕೆಂದು ವಿಮಾನ ತೆಗೆಯುವವರ ಪಟ್ಟಿಯಲ್ಲಿ ನನ್ನ ಹೆಸರು ಬೇಡ.